ಹಿಂದಿನ ಚೀಟಿ

ಬೇಲೂರು, ಬೇಲೂರು, ಬೇಲೂರು.
ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ
ದಿನಕ್ಕೆ ಇನ್ನೂರು ಸಲ ಹೊಡೆದು
‘ಬ’ ಗುಂಡಿ ಬೋಳಾಗಿತ್ತು.

ಮೊನ್ನೆ ಜಬೀವುಲ್ಲಾ ಬಂದು
ಕಾಫಿ ಆರುವಷ್ಟರಲ್ಲಿ ಏನೋ ತಿದ್ದಿಹೋದ:
ತಾಲ್ಲೂಕು, ಜಿಲ್ಲೆ ಎಲ್ಲ ಈಗ
ಹಿಂದಿನ ಚೀಟಿಯಿಂದ ತಾವೇ ಇಳಿದು ಬರುತ್ತವೆ.

ಮೊದಲ ದಿನವೇ ಎಡವಟ್ಟು.
ಗಂಡನ ಹೆಸರೂ ಇಳಿದು ಬಂದು
ಹಗರೆಯ ಪುಟ್ಟಲಿಂಗಮ್ಮನಿಗೆ
ಅವಳ ಮುಂದೆ ನಿಂತಿದ್ದ ಸಾಕಮ್ಮನ ಗಂಡ
ಗಂಟುಬಿದ್ದ.
ಓದಿ ಹೇಳಿದರೆ ಮುದುಕಿ ನಕ್ಕಳು:
“ಇರ್ಲಿ ಬಿಡವ್ವ,
ನಮ್ಮೋನು ಹೋಗಿ ಹನ್ನೊಂದು ವರ್ಸ.”

ಅದೊಂದು ಮನೆ ಮಾತ್ರ
ತಾನಾಗಿ ತುಂಬದಂತೆ ಮಾಡಿಸಿಕೊಂಡೆ.
ಕೈಗೆ ಬಿಡುವಿದೆ, ಕತ್ತೆತ್ತಿ ಕೇಳುತ್ತೇನೆ:
ಯಜಮಾನರ ಹೆಸರು?

ಕೆಲವರು ಥಟ್ಟನೆ ಹೇಳುತ್ತಾರೆ.
ಕೆಲವರು,
ಹಿಂದಿನ ಚೀಟಿಯದೇ ಇರಲಿ ಎಂಬಂತೆ,
ಸುಮ್ಮನೆ ನಿಲ್ಲುತ್ತಾರೆ.