ಬಲ್ಬು ಹಾಕಲು ಎಷ್ಟು ಜನ

ಶಿಕಾಗೋ, ಕಸಾಯಿಖಾನೆಗಳ ಹಿಂದಿನ ಬೀದಿ,
ಶುಕ್ರವಾರ, ಸಂಬಳದ ಸಂಜೆ.
ಅಪ್ಪನ ಬಾರಿನ ಕೊನೆಯ ಸ್ಟೂಲಿನ ಮೇಲೆ ಕೂತು
ನಾನು ಭಿನ್ನರಾಶಿ ಕೂಡುತ್ತಿದ್ದೆ,
ಅಂಶಕ್ಕೂ ಛೇದಕ್ಕೂ ಜಗಳ.

ಡೆಕ್ಲನ್ ಗ್ಲಾಸು ಕುಕ್ಕಿದ, ಇಡೀ ಬಾರಿಗೆ ಕೇಳುವಂತೆ:
"ಒಂದು ಬಲ್ಬು ಹಾಕಲು ಎಷ್ಟು ಪೋಲಿಷರು ಬೇಕು?"
ಉತ್ತರ ಎಲ್ಲರಿಗೂ ಗೊತ್ತಿತ್ತು.
ನಗು ಆಗಲೇ ತುಟಿಯಂಚಿಗೆ ಬಂದು ಕೂತಿತ್ತು.
ಮೂಲೆಯಲ್ಲಿ ವಿತೋಲ್ಡ್ ಗಾವ್ರೋನ್,
ಇಪ್ಪತ್ತಾರು ವರ್ಷ ತಂತಿ ಎಳೆದವನು,
ಬೀಟ್‌ರೂಟ್ ಸಾರಿನ ಬಟ್ಟಲು ಸರಿಸಿ
ಕಿವಿಯ ಮೇಲಿನ ಪೆನ್ಸಿಲ್ ತೆಗೆದು
"ಚಾವಣಿ ಎಷ್ಟು ಎತ್ತರ?" ಅಂದ.

ಎತ್ತು ಈದಿದೆ ಎಂದರೆ
ಕೊಟ್ಟಿಗೆಗೆ ಕಟ್ಟು ಅನ್ನುವವರುಂಟು.
ಇವನೋ, ಹಗ್ಗ ಎಷ್ಟು ಮೊಳ, ಕರು ಎಷ್ಟು ತೂಕ,
ಹಾಲು ಯಾರ ಲೆಕ್ಕಕ್ಕೆ, ಎಲ್ಲ ಕೇಳಿಕೊಂಡು
ಎದ್ದು ಹೋಗಿ ಕಟ್ಟಿಯೇ ಬರುವವನು.

"ಐದು ಕಣಯ್ಯಾ! ಒಬ್ಬ ಮೇಜು ಹತ್ತಿ ಬಲ್ಬು ಹಿಡೀತಾನೆ,
ನಾಲ್ವರು ಮೇಜು ತಿರುಗಿಸ್ತಾರೆ!"
ಕಾರ್ಮೈನನ ಮೂಗಿನಿಂದ ಬಿಯರ್ ಬಂತು.
ಅಪ್ಪ ಒರೆಸಿದ ಗ್ಲಾಸನ್ನೇ ಮತ್ತೆ ಒರೆಸಿದ.
ಹೊರಗಿನ ಬೋರ್ಡಿನಲ್ಲಿ ನಮ್ಮ ಹೆಸರಿಗೆ ಬಾಲವಿಲ್ಲ,
'ಸ್ಕಿ' ಬರೆಸಲು ಪೇಂಟು ಸಾಲಲಿಲ್ಲ ಎನ್ನುತ್ತಿದ್ದ.

ವಿತೋಲ್ಡ್ ಕಾದ,
ಗೂಡ್ಸ್ ಗಾಡಿ ದಾಟಲೆಂದು ಗೇಟಿನಲ್ಲಿ ಕಾಯುವವನ ಹಾಗೆ.
"ಯಾವ ಕಡೆಗೆ?"
"ಏನು ಯಾವ ಕಡೆಗೆ?"
"ಮೇಜು."

ಅಲ್ಲಿಂದ ಕೆಟ್ಟಿತು.
ಗಡಿಯಾರದ ಮುಳ್ಳಿನಂತೆ, ಅಂದ ಡೆಕ್ಲನ್.
ಗಡಿಯಾರ ಚಾವಣಿಯಲ್ಲೋ ನೆಲದಲ್ಲೋ, ಅಂದ ವಿತೋಲ್ಡ್.
ಕಾರ್ಮೈನ್ ಗಾಳಿಯಲ್ಲಿ ಬೆರಳು ತಿರುಗಿಸಿ
ಕತ್ತೆತ್ತಿ, ಕತ್ತು ಬಗ್ಗಿಸಿ, ಕಂಗಾಲಾದ.
ಹಾರ್ಲನ್ ಗ್ಲಾಸು ತಿರುಗಿಸಲು ಹೋಗಿ
ಪ್ಯಾಂಟು ನೆನೆಸಿಕೊಂಡ.
ಐದು ಡಾಲರ್ ಪಂದ್ಯ. ಹತ್ತಾಯಿತು.
ನನ್ನ ಪುಸ್ತಕದ ಹಿಂದೆ ಚಿತ್ರ ಬರೆದರು,
ಪುಸ್ತಕ ತಿರುಗಿಸಿ ಮತ್ತೆ ಜಗಳಾಡಿದರು.

ಪಂದ್ಯ ತೀರಬೇಕಲ್ಲ.
ಮೇಜನ್ನು ನಡುವಿಗೆ ಎಳೆದರು.
ವಿತೋಲ್ಡ್ ಮೊದಲು ಸ್ವಿಚ್ ಆರಿಸಿದ,
ತಮಾಷೆಗೂ ಕರೆಂಟಿಗೂ ನೆಂಟಸ್ತನವಿಲ್ಲ.
ಹಳೆಯ ಬಲ್ಬು ಬಿಚ್ಚಿದ. ಬೂಟು ಕಳಚಿ ಜೋಡಿಸಿಟ್ಟ.
ಹೆಬ್ಬೆರಳು ಇಣುಕುವ ಕಾಲುಚೀಲದಲ್ಲಿ ಮೇಲೇರಿ
ಹೊಸ ಬಲ್ಬು ಹಿಡಿದು ನಿಂತ,
ಮದುವೆ ಫೋಟೋಕ್ಕೆ ನಿಂತ ಹಾಗೆ, ಉಸಿರು ಬಿಗಿಹಿಡಿದು.

ಡೆಕ್ಲನ್, ಕಾರ್ಮೈನ್, ಹಾರ್ಲನ್,
ನಾಲ್ಕನೆಯವನು ಸಿಗದೆ, ವಿಳಾಸ ಕೇಳಲು ಬಂದಿದ್ದ
ಯಾರೋ ವಿಮಾ ಏಜೆಂಟ್,
ಮೇಜಿನ ಒಂದೊಂದು ಕಾಲಿಗೆ ಒಬ್ಬೊಬ್ಬ.
ಬಲಕ್ಕೆ ಎರಡು ಸುತ್ತು. ಮರೆ ಹಿಡಿಯಲಿಲ್ಲ.
"ನಾನೇನೂ ಹೇಳಿಲ್ಲ," ಬಂತು ಮೇಲಿನಿಂದ.
ಎಡಕ್ಕೆ ಒಂದು. ಎರಡು. ಯಾರದೋ ಸೊಂಟ ಲಟಕ್ಕೆಂದಿತು.
ಮೂರು. ಮೂರೂಕಾಲು.
"ಸಾಕು. ಬಿಗಿಯಾಯ್ತು."

ಅಪ್ಪ ಸ್ವಿಚ್ ಒತ್ತಿದ.
ಬೆಳಕಿನಲ್ಲಿ ಬಗ್ಗಿದ ನಾಲ್ಕು ಬೆನ್ನು,
ಬೆವೆತ ನಾಲ್ಕು ಕೆಂಪು ಮುಖ.

ವಿತೋಲ್ಡ್ ಇಳಿದು ನನ್ನ ಪುಸ್ತಕದಲ್ಲಿ ಬರೆದ:
ಪೋಲಿಷರು ಒಂದು. ಇತರರು ನಾಲ್ಕು.
"ಸರಿಯಿದೆಯಾ ನೋಡು, ಮಗೂ."
ಐದನೇ ಒಂದು, ಅಂದೆ. ಐದನೇ ನಾಲ್ಕು.
ಆ ವಾರ ನನಗೆ ಸರಿಬಂದ ಲೆಕ್ಕ ಅದೊಂದೇ.

ಜೋಕು ಅವನಿಗೆ ಅರ್ಥವೇ ಆಗಲಿಲ್ಲ ಎಂದು
ಡೆಕ್ಲನ್ ಕೊನೆವರೆಗೂ ಹೇಳುತ್ತಿದ್ದ, ಸೊಂಟ ಹಿಡಿದುಕೊಂಡು.

ಒಂಬತ್ತಕ್ಕೆ ಹಲೀನಾ ಬಂದಳು, ಕೋಟಿನ ಗುಂಡಿ ತಪ್ಪಾಗಿ ಹಾಕಿ:
"ಮನೆಯ ಮೆಟ್ಟಿಲ ಬಲ್ಬು ಹೋಗಿ ತಿಂಗಳಾಯ್ತು, ಮಹರಾಯ!"
ವಿತೋಲ್ಡ್ ತಣ್ಣಗಾದ ಸಾರು ಕುಡಿದು ಮುಗಿಸಿ,
ಮೀಸೆ ಒರೆಸಿಕೊಂಡು ಅಂದ:
"ಏನು ಮಾಡಲಿ, ನಾವು ಇಬ್ಬರೇ ಇದ್ದೀವಲ್ಲ."