ಉದಯೋನ್ಮುಖಿ

ಹಲ್ ಪಟ್ಟಣದ ಗ್ರಂಥಾಲಯದ ಬಾಗಿಲಲ್ಲಿ ಹಳದಿ ಚೀಟಿ:
‘ಎಮರ್ಜಿಂಗ್’ ಬರಹಗಾರರಿಗೆ ಅವಕಾಶ.
ತಿಂಗಳ ಮೊದಲ ಗುರುವಾರ, ಸಂಜೆ ಏಳೂವರೆ,
ಹಳೆ ಲಂಗರು ಪಬ್ಬಿನ ಮಹಡಿ.
ತಲೆಗೆ ಮೂರು ನಿಮಿಷ. ಪ್ರವೇಶ ಉಚಿತ.

ಎಮರ್ಜಿಂಗ್ ಅಂದರೆ ನೀರಿಂದ ತಲೆ ಎತ್ತುವುದಂತೆ,
ಮುಳುಗಿದ್ದವರಿಗೆ ಹೇಳುವ ಮಾತು.
ನಮ್ಮಲ್ಲಿ ಅಷ್ಟು ಕಷ್ಟವಿಲ್ಲ,
ಬೆಳಗಿನ ಕಡೆ ಮುಖ ಮಾಡಿ ನಿಂತರೆ ಸಾಕು.
ಆ ಲೆಕ್ಕಕ್ಕೆ ನಾನು ಹನ್ನೊಂದು ವರ್ಷದಿಂದ ಉದಯೋನ್ಮುಖಿ:
ರಾತ್ರಿ ಹತ್ತರಿಂದ ಆರು ಆಸ್ಪತ್ರೆಯ ಲಾಂಡ್ರಿ,
ಬಿಟ್ಟ ಮೇಲೆ ನದಿಯ ಗುಂಟ ನಡಿಗೆ,
ಎದುರಿಗೇ ಸೂರ್ಯ. ಬಂದ ದಿನ ಬಂದ;
ಅವನಿಗೂ ಇಲ್ಲಿ ಖಾಯಂ ನೌಕರಿಯಿಲ್ಲ.

ಅರ್ಜಿಯಲ್ಲೊಂದು ಕಾಲಂ: ಈ ಹಿಂದೆ ಎಲ್ಲಿ ಪ್ರಕಟವಾಗಿದ್ದೀರಿ?
‘ಡ್ಯೂಟಿ ಪಟ್ಟಿಯ ಬೆನ್ನಿಗೆ’ ಎಂದು ಬರೆದು
ಹೊಡೆದುಹಾಕಿದೆ.

ಬೆರಿಲ್ ತನ್ನ ಗಂಡನ ಉಣ್ಣೆಯ ಟೊಪ್ಪಿಗೆಯಲ್ಲಿ ನಂಬರು ಕುಲುಕುತ್ತಾಳೆ.
ಮೊಟ್ಟೆ ಬೇಯಿಸುವ ಗಡಿಯಾರ ಮೇಜಿನ ಮೇಲೆ,
ಕೋಳಿಯಾಕಾರದ್ದು.
ಮೂರು ನಿಮಿಷಕ್ಕೆ ಕಿರ್ರ್ ಅನ್ನುತ್ತದೆ,
ಬಾಯಲ್ಲಿ ಪ್ರಾಸವಿದ್ದರೂ ಅಷ್ಟೇ, ಸತ್ತ ತಾಯಿಯಿದ್ದರೂ ಅಷ್ಟೇ.

ಅಕ್ಟೋಬರಿನಲ್ಲಿ ನನಗೆ ಹನ್ನೆರಡು ಬಂತು.
ನವೆಂಬರಿನಲ್ಲಿ ಹದಿನೈದು.
ಜನವರಿಯಲ್ಲಿ ಹನ್ನೊಂದು, ಇನ್ನೇನು ಅನ್ನುವಷ್ಟರಲ್ಲಿ
ಹತ್ತನೆಯವನು ಸಾಲು ಮರೆತು ಸುಮ್ಮನೆ ನಿಂತ,
ಎಲ್ಲರೂ ಅವನೊಂದಿಗೆ ನಿಂತೆವು, ಕೂತಲ್ಲೇ.
ಒಂಬತ್ತು ಇಪ್ಪತ್ತರ ಬಸ್ಸು ಯಾರಿಗೂ ನಿಲ್ಲುವುದಿಲ್ಲ.

ಹೀಗೆ ಓದದೆಯೇ ಎಷ್ಟು ಕೇಳಿದೆ!
ಕಸದ ಡಬ್ಬಿಗಳ ಮೇಲೆ ಛಂದಸ್ಸು ಕಟ್ಟಿದ ನಿವೃತ್ತ ಮೇಷ್ಟ್ರು,
ಎದೆಗೆ ಕೂಸು ಕಟ್ಟಿಕೊಂಡು ತೂಗುತ್ತಲೇ ಓದಿದವಳು
(ಲಯ ಅವಳಿಗೆ ಪುಕ್ಕಟೆ),
ಹಲ್ಲಿನ ಡಾಕ್ಟರಿಗೆ ಪ್ರೇಮಪತ್ರ ಬರೆದ ಮೀನುಪೇಟೆಯ ಹುಡುಗಿ.

ಫೆಬ್ರವರಿಯಲ್ಲಿ ಹದಿನಾರು.
ಪಕ್ಕದಲ್ಲಿ ರೇಬಾಜ್, ಸ್ಪ್ರಿಂಗ್ ಬ್ಯಾಂಕಿನಲ್ಲಿ ಕ್ಷೌರದಂಗಡಿ,
ಕೈಯಲ್ಲಿ ಒಂಬತ್ತು.
ನನ್ನ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಗಿ ಬರುವುದನ್ನು ಕಂಡನೋ,
ಚಿಲ್ಲರೆ ವಾಪಸು ಕೊಡುವವನ ಹಾಗೆ
ತನ್ನ ಚೀಟಿಯನ್ನು ಮೇಜಿನ ಮೇಲೆ ನನ್ನತ್ತ ಸರಿಸಿದ,
ನನ್ನದನ್ನು ಎತ್ತಿಕೊಂಡ.

ಮೈಕು ಬಾಯಿಗಿಂತ ಒಂದು ಗೇಣು ಮೇಲಿತ್ತು.
ಬೆಟಗೇರಿಯ ಮಗ್ಗದ ಮನೆಯವಳು ನಾನು, ಅಂದೆ ಇಂಗ್ಲಿಷಿನಲ್ಲಿ,
ಬಟ್ಟೆ ಮುಟ್ಟಿ ಹೇಳಬಲ್ಲೆ
ಯಾವ ಹಾಸಿನ ಮೇಲೆ ಯಾರೂ ಮಲಗಲೇ ಇಲ್ಲ,
ರಾತ್ರಿಯಿಡೀ ಅಂಚಿನಲ್ಲಿ ಕೂತಿದ್ದರೆಂದು.
ಹಾಸು: ಮಗ್ಗದ ಉದ್ದನೂಲೂ ಅದೇ, ಮೈ ಚೆಲ್ಲುವ ಜಾಗವೂ ಅದೇ.
ಇಂಗ್ಲಿಷಿಗೆ ಎರಡು ಮಾತು ಬೇಕು,
ನನ್ನ ಬಳಿ ಇದ್ದದ್ದು ಮೂರು ನಿಮಿಷ.
ಹಾಸು ಅಂತಲೇ ಅಂದುಬಿಟ್ಟೆ.
ಮುಂದಿನ ಸಾಲಿನ ಹೆಂಗಸು ತಲೆಯಾಡಿಸಿದಳು,
ಅರ್ಥವಾಯಿತೋ, ಚಳಿಯೋ.

ಇನ್ನೆರಡು ಸಾಲಿರುವಾಗ ಕಿರ್ರ್.
ಬೆರಿಲ್ ಕೋಳಿಯ ಕತ್ತು ಹಿಡಿದಳು:
‘ಮುಗಿಸಮ್ಮ.’

ಚಪ್ಪಾಳೆ ತಣಿಯುವ ಮೊದಲೇ ಕೋಟು, ಮೆಟ್ಟಿಲು, ಬಸ್ಸು.
ಅಂದು ರಾತ್ರಿ ಲಾಂಡ್ರಿಯಲ್ಲಿ ಎಂಟುನೂರು ಹಾಸು ಮಡಿಚಿದೆ,
ಒಂದಕ್ಕೂ ಹೇಳಲಿಲ್ಲ.
ಬೆಳಗ್ಗೆ ನದಿಯ ಮೇಲೆ ಮಂಜು,
ಮುಖ ಮಾಡಿ ನಿಂತೆ ಅಭ್ಯಾಸಬಲದಿಂದ.
ಆಗ ಹೊಳೆಯಿತು:

ಹದಿನಾರನೆಯವನಾಗಿ ಅವನು ಏನು ಓದಿದ?
ಫೋನು ಮಾಡಿದರೆ ಬೆರಿಲ್ ಅಂದಳು,
ಅಷ್ಟೊತ್ತಿಗೆ ಉಳಿದವರು ಏಳೇ ಜನ,
ಗುಂಯ್ಗುಡುವ ಫ್ರಿಜ್ಜು ಸೇರಿ ಎಂಟು.
ಚೆನ್ನಾಗಿತ್ತು, ಆದರೆ ತಿರುಗಿ ಹೇಳಲು ಬಾರದು.

ಮಾರ್ಚಿನ ಮೊದಲ ಗುರುವಾರಕ್ಕೆ ರಜೆ ಚೀಟಿ ಕೊಟ್ಟಿದ್ದೇನೆ.
ಕಾರಣ ಎಂಬಲ್ಲಿ:
ಒಬ್ಬರನ್ನು ಕೇಳುವುದಿದೆ.