ತೂತು ಗೊತ್ತಿದ್ದ ದಿನ

ಎಳ್ಳಮಾಸಿ ಮುಗಿದ ಮೂರನೇ ರಾತ್ರಿ, ಕಲಬುರಗಿ ಗಂಜು.
ಹಮಾಲರು ಚೀಲಗಳ ಮೇಲೆಯೇ ಮಲಗಿದ್ದಾರೆ,
ತೊಗರಿಯ ಧೂಳು ಟ್ಯೂಬ್‌ಲೈಟಿನ ಸುತ್ತ ಇನ್ನೂ ಇಳಿದಿಲ್ಲ.
ಕಚೇರಿಯ ಹಿಂದಿನ ಕೋಣೆ. ಶಹಾಬಾದ್ ಫರಸಿಯ ತಣ್ಣಗು
ಚಪ್ಪಲಿ ದಾಟಿ ಕಾಲಿಗೆ ಹತ್ತುತ್ತದೆ.
ಟೆಂಡರು, ತೂಕ, ಪಾವತಿ ಹೊತ್ತ ಒಂದೇ ಸರ್ವರ್
ನಾನೂರ ಹನ್ನೊಂದು ದಿನದಿಂದ ಕಣ್ಣು ಮುಚ್ಚಿಲ್ಲ.
ಹಿಂದಿದ್ದ ಸಾಹೇಬರು ಹೆಮ್ಮೆಯಿಂದ ಹೇಳುತ್ತಿದ್ದ ಲೆಕ್ಕ ಅದು.
ನನಗೆ ಬೇರೆಯಾಗಿ ಕೇಳುತ್ತದೆ:
ನಾನೂರ ಹನ್ನೊಂದು ದಿನದಿಂದ
ಯಾರೂ ಅದರ ಹೊಟ್ಟೆ ಮುಟ್ಟಿ ನೋಡಿಲ್ಲ.

ತೂತು ಇರುವುದು ಕರ್ನಲ್ಲಿನಲ್ಲಿ, ಎಲ್ಲಕ್ಕೂ ಒಳಗಿನ ತಿರುಳಿನಲ್ಲಿ.
ಕಾವಲಿನ ಖಾಜಾಮಿಯಾಗೆ ಹೀಗೆ ಹೇಳಿದೆ:
ಅಂಗಡಿ ಖಾಲಿ ಮಾಡಿದವ ಕೀಲಿ ವಾಪಸ್ ಕೊಟ್ಟಿಲ್ಲ, ಚಾಚಾ.
ಹೊಸಬ ಬಂದು ಗಲ್ಲಾಪೆಟ್ಟಿಗೆ ಇಟ್ಟಿದ್ದಾನೆ.
ಹಳಬನ ಕೀಲಿಗೆ ಬಾಗಿಲು ಇನ್ನೂ ತೆರೆಯುತ್ತದೆ.
"ಹಂಗಾರ ಕೀಲಿ ಬದಲಿ ಮಾಡು ಬೇಟಿ,
ಅದಕ್ಕ ನಡುರಾತ್ರಿ ಯಾಕ ಬೇಕು?"
ಯಾಕೆಂದರೆ, ಈ ಕೀಲಿ ಬದಲಿಸಲು
ಇಡೀ ಗಂಜು ಒಂದು ಗಳಿಗೆ ಇಲ್ಲವಾಗಬೇಕು.

ಎರಡೂ ಕಾಲಿಗೆ ತೇಪೆ ಹಾಕಿದೆ.
ಮೂರು ಸಾಲು ಕೂಡಿಸಿ ಒಂದು ಸಾಲು ಕಿತ್ತ ತೇಪೆ,
ಯಾವ ದೇಶದ ಯಾರು ಹೊಲಿದರೋ,
ಅವರ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ.
ರೀಬೂಟ್.
ಫ್ಯಾನು ಒಮ್ಮೆ ಜೋರಾಗಿ ಉಸಿರೆಳೆದು ನಿಂತಿತು.
ಆ ನಿಂತದ್ದರಲ್ಲಿ ಗೋದಾಮಿನ ಇಲಿಗಳು ಕೇಳಿಸಿದವು,
ಸ್ಟೇಷನ್ನಿನ ಕಡೆ ಒಂದು ಗೂಡ್ಸ್ ಗಾಡಿ.
ಆಮೇಲೆ ಬಿಳಿ ಅಕ್ಷರಗಳು ಏರತೊಡಗಿದವು.
ಟೆಂಡರು ಎದ್ದಿತು. ಪಾವತಿ ಎದ್ದಿತು.
ಕಾಟಾ ಏಳಲಿಲ್ಲ.

ಕಾಟಾದ ಡ್ರೈವರ್, ಹಳೆಯ ತಿರುಳಿನ ಅಳತೆಗೆ ಹೊಲಿಸಿದ ಅಂಗಿ;
ಹೊಸ ಮೈಗೆ ಗುಂಡಿ ಕೂಡುತ್ತಿಲ್ಲ.
ಹೊಲಿದುಕೊಟ್ಟ ಕಂಪನಿಯ ಫೋನು ಹೈದರಾಬಾದಿನಲ್ಲೆಲ್ಲೋ
ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುತ್ತದೆ.
ಮೂರೂವರೆ. ನಾಲ್ಕೂವರೆ.
ಟ್ರ್ಯಾಕ್ಟರಿನ ಸಾಲು ಗೇಟು ದಾಟಿ ರಸ್ತೆಗೆ ಹೋಗ್ಯಾದ,
ಜೇವರ್ಗಿಯವರೇ ನಲವತ್ತು ಇದ್ದಾರೆಂದು ಖಾಜಾಮಿಯಾ ಎಣಿಸಿ ಬಂದರು.

ಐದಕ್ಕೆ ಕಾಳು ಆರಿಸುವ ಜಗದೇವಿ ಬಂದು
ಬೆಳಕಿದೆಯೆಂದು ನನ್ನ ಹೊಸ್ತಿಲಲ್ಲೇ ಮೊರ ಹಿಡಿದು ಕೂತಳು.
ನನ್ನ ಮುಖ ನೋಡಿದಳೋ ಏನೋ, ಒಂದು ಕಾಳು ಎತ್ತಿ ತೋರಿಸಿದಳು.
ಸೂಜಿಯ ಮೊನೆಯಷ್ಟು ತೂತು. ಉಗುರಿನಿಂದ ಒತ್ತಿದರೆ ಬರೀ ಸಿಪ್ಪೆ.
"ಇದು ಭಯ ಇಲ್ರಿ ಮೇಡಮ್.
ಹುಳ ಹೊರಗ ಹೋದ ಮ್ಯಾಲೇ ತೂತ ಕಾಣೋದು.
ಒಳಗೇ ಕುಂತಿದ್ರ ಕಾಳು ಚೆಂದನೇ ಕಾಣ್ತದ."
ಅಂದು, ಮೊರ ಕೊಡವಿದಳು. ಕೆಲಸ ಅವಳದು ಮುಂದುವರಿಯಿತು.

ನಾನು ಮತ್ತೆ ಪರದೆ ಕಪ್ಪು ಮಾಡಿದೆ.
ಮೆನುವಿನಲ್ಲಿ ಎರಡನೇ ಸಾಲು: ಹಳೆಯ ತಿರುಳು, ತೂತಿನ ಸಮೇತ.
ಎಂಟರ್ ಒತ್ತಿದ ಬೆರಳು ನನ್ನದೇ.
ಹೊರಗಿನ ದಾರಿಗಳಲ್ಲಿ ಮುಚ್ಚಬಹುದಾದಷ್ಟು ಮುಚ್ಚಿ
ರಿಜಿಸ್ಟರಿನಲ್ಲಿ ಬರೆದೆ:
ತೂತು ಗೊತ್ತಿದೆ. ತೆರೆದು ಇಟ್ಟಿದ್ದೇನೆ. ಒಂದು ದಿನ. ಸಹಿ.

ಆರಕ್ಕೆ ಮೊದಲ ಟ್ರ್ಯಾಕ್ಟರ್ ಕಾಟಾ ಹತ್ತಿತು.
ಡಬ್ಬಿಯ ಭಜ್ಜಿ ಸಂಜೆಯವರೆಗೂ ಹಾಗೇ ಇತ್ತು.
ಒಂದು ಚೀಟಿ ತಡವಾಗಿ ಹೊರಬಂದರೆ
ಒಳಗೆ ಯಾರೋ ಗಲ್ಲಾಪೆಟ್ಟಿಗೆ ತೆರೆದರೆಂದು ಲಾಗಿನ ಸಾಲುಗಳನ್ನು ಕೆದಕುವುದು,
ಪ್ರಿಂಟರಿನಲ್ಲಿ ಕಾಗದ ಸಿಕ್ಕಿತ್ತೆಂದು ತಿಳಿದು ನಾಚುವುದು.
ಏನೂ ಆಗಲಿಲ್ಲ ಎನ್ನಲಾರೆ.
ಏನೂ ಕಾಣಲಿಲ್ಲ ಎನ್ನಬಲ್ಲೆ.

ರಾತ್ರಿ ಹನ್ನೊಂದಕ್ಕೆ ಹೈದರಾಬಾದು ಮಾತಾಡಿತು.
ಹೊಸ ಅಂಗಿ ಬಂತು. ಮತ್ತೆ ಕಪ್ಪು, ಮತ್ತೆ ಬಿಳಿ ಅಕ್ಷರ,
ಮೇಲಿನ ಸಾಲಿನ ಹೊಸ ತಿರುಳು.
ಈ ಸಲ ಕಾಟಾ ಎದ್ದಿತು,
ಖಾಲಿ ಅಂಗಳದಲ್ಲಿ ಇಪ್ಪತ್ತು ಕಿಲೋ ತೋರಿಸಿತು.
ಎದೆ ಧಸಕ್ಕೆಂದು ಹೊರಗೆ ಓಡಿದೆ.

ಖಾಜಾಮಿಯಾ ಟಾರ್ಚು ಬಿಟ್ಟು ನಗುತ್ತಿದ್ದರು:
ಕಾಟಾದ ನಟ್ಟನಡುವೆ, ಕಬ್ಬಿಣ ಇನ್ನೂ ಬೆಚ್ಚಗಿದ್ದಲ್ಲಿ,
ಗಂಜಿನ ಕೆಂದ ನಾಯಿ ಮುದುಡಿ ಮಲಗಿತ್ತು.